ನೂರು ಮಂದಿಯ ಹಣ, ನಾಲ್ವರು ಗೆಳೆಯರ ಸಿನಿಮಾ



ನಮ್ಮ ಬೆಳೆಗಾರರ ಮಕ್ಕಳು ಅನೇಕರು ಈಗ ಬೆಂಗಳೂರಿನ ತುಮಕೂರು ರಸ್ತೆಯ ಆಸುಪಾಸಿನಲ್ಲಿ ಕೆಲಸದಲ್ಲಿದ್ದಾರೆ. ಅವರ ಪೈಕಿ ನಾಗಸಂದ್ರದಲ್ಲಿ ಒಂದೇ ಮನೆಯಲ್ಲಿ ಬಾಡಿಗೆಗಿರುವ ನಾಲ್ವರು ಗೆಳೆಯರು ಸಂಘಕ್ಕೆ ಒಂದು ಹೊಸ ಬಗೆಯ ಅರ್ಜಿ ಕೊಟ್ಟಿದ್ದಾರೆ. ತಾವೇ ಬರೆದು, ತಾವೇ ನಟಿಸಿ, ರಜಾದಿನಗಳಲ್ಲಿ ಒಂದು ಹಾಸ್ಯಚಿತ್ರ ತೆಗೆಯುತ್ತಾರಂತೆ. ಕೊಯ್ಲಿಗೆ ಆಳು ಸಿಗದ ತೋಟದ ಯಜಮಾನನೊಬ್ಬ ಆಳು ಹುಡುಕುತ್ತ ಪೀಣ್ಯಕ್ಕೆ ಬಂದು, ಕೊನೆಗೆ ಮಗನ ಗೆಳೆಯರನ್ನೇ ಜೀಪಿಗೆ ತುಂಬಿಕೊಂಡು ಊರಿಗೆ ಹೊರಡುವುದು ಕಥೆ. ಇದಕ್ಕೆ ಸಂಘ ಹಣ ಕೊಡಬಹುದೇ, ಇಲ್ಲವೇ ಸದಸ್ಯರಿಂದ ತಲಾ ಇಷ್ಟೆಂದು ಎತ್ತಬಹುದೇ ಎಂಬುದು ಪ್ರಶ್ನೆ. ಕಥೆ ನಗು ತರಿಸಿತು. ಆದರೆ ಹಣದ ಮಾತನ್ನು ನಕ್ಕು ಬಿಡುವಂತಿಲ್ಲ.

ಹಿಂದಿನ ನಿದರ್ಶನಗಳು

ಹಲವರು ಸೇರಿ ಚಿತ್ರ ತೆಗೆಯುವುದು ಸಹಕಾರಿಗಳಿಗೆ ಹೊಸದಲ್ಲ. 1976ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಮಂಥನ್' ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಕನ್ನಡದಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' (2013) ಪ್ರೇಕ್ಷಕರಿಂದಲೇ ಸುಮಾರು 51 ಲಕ್ಷ ರೂಪಾಯಿ ಕೂಡಿಸಿ ತಯಾರಾಯಿತು.

ನಮಗೆ ಹೆಚ್ಚು ಹತ್ತಿರದ್ದು 2023ರ ಮೇ ತಿಂಗಳಲ್ಲಿ ತೆರೆಕಂಡ 'ಡೇರ್‌ಡೆವಿಲ್ ಮುಸ್ತಾಫಾ'. ಮೂಡಿಗೆರೆಯಲ್ಲಿ ನಮ್ಮ ಹಾಗೆಯೇ ಕಾಫಿ ಬೆಳೆದುಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಥೆ ಅದು. ಅವರ ಓದುಗರು ಸುಮಾರು ನೂರು ಮಂದಿ ಹಣ ಹಾಕಿದರು. ಶಶಾಂಕ್ ಸೋಗಾಲ್ ನಿರ್ದೇಶಿಸಿದರು. ನಟರಲ್ಲಿ ಬಹುಪಾಲು ಹೊಸಬರು. ಅಬಚೂರಿನ ಕಾಲೇಜಿಗೆ ಬಂದ ಒಬ್ಬ ಹುಡುಗ, ಅವನ ಬಗ್ಗೆ ಎದ್ದ ಗಾಳಿಮಾತು, ಒಂದು ಕ್ರಿಕೆಟ್ ಪಂದ್ಯ. ಇಷ್ಟರಲ್ಲೇ ಮಲೆನಾಡಿನ ಪೇಟೆ ತನ್ನನ್ನು ತಾನೇ ನೋಡಿ ನಕ್ಕಿತು.

ನಟನೆ ಕಲಿಯದವರಿಂದ ಏನಾದೀತು ಎನ್ನುವವರು ರಾಮ್ ರೆಡ್ಡಿಯವರ 'ತಿಥಿ'ಯನ್ನು ನೋಡಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಕಡೆಯ ಹಳ್ಳಿಗರೇ ಅದರ ಪಾತ್ರಧಾರಿಗಳು. ನೂರು ದಾಟಿದ ಅಜ್ಜನ ಸಾವು, ಹನ್ನೊಂದನೆಯ ದಿನದ ತಿಥಿ, ಜಮೀನಿನ ತಕರಾರು, ಇವುಗಳಲ್ಲೇ ನಗೆಯಿದೆ. ಅದು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು.

ಹಣ ಎಲ್ಲಿ ಹೋಗುತ್ತದೆ?

ಗೆಳೆಯರ ಚಿತ್ರದಲ್ಲಿ ಸಂಬಳವಿಲ್ಲ, ಆದರೆ ಊಟವಿದೆ. ಹದಿನೈದು ಜನರ ತಂಡಕ್ಕೆ ಹತ್ತು ದಿನ, ದಿನಕ್ಕೆ ಮೂರು ಹೊತ್ತು ಎಂದರೆ 450 ಊಟ-ತಿಂಡಿ. ವಾಹನದ ಖರ್ಚು ಬೇರೆ. ಕ್ಯಾಮೆರಾಕ್ಕಿಂತ ಧ್ವನಿಯಲ್ಲಿ ಹೆಚ್ಚು ಜನ ಸೋಲುತ್ತಾರೆ. ಮಾತು ಕೇಳದಿದ್ದರೆ ಹಾಸ್ಯವೇ ಇಲ್ಲ. ಪಲ್ಪರ್ ಓಡುವಾಗ, ಹೆಂಚಿನ ಮಾಡಿನ ಮೇಲೆ ಮಳೆ ಸುರಿಯುವಾಗ ಚಿತ್ರೀಕರಣ ವ್ಯರ್ಥ. ಚಿತ್ರಮಂದಿರದಲ್ಲಿ ತೋರಿಸುವುದಾದರೆ ಸೆನ್ಸಾರ್ ಪ್ರಮಾಣಪತ್ರವೂ ಬೇಕು.

ನಮ್ಮ ಸಲಹೆ

ಸಂಘದ ಹಣ ಬೈಲಾದ ಉದ್ದೇಶಗಳಿಗೆ ಮೀಸಲು; ಅದರಿಂದ ಒಂದು ಪೈಸೆಯೂ ಸಿನಿಮಾಕ್ಕೆ ಹೋಗಕೂಡದು. ಕೊಡಬಯಸುವ ಸದಸ್ಯರು ಸ್ವಂತ ಹಣ ಕೊಡಲಿ. ಅದೂ ಹೋದರೆ ಹೋಗಲಿ ಎನ್ನುವಷ್ಟೇ ಮೊತ್ತ. ಕಾಫಿಯ ಮುಂಗಡವನ್ನೋ ಬೆಳೆಸಾಲವನ್ನೋ ಇದಕ್ಕೆ ತೊಡಗಿಸುವುದು ಸರ್ವಥಾ ಬೇಡ.

ಹುಡುಗರಿಗೂ ಮೂರು ಮಾತು. ಒಂದು, ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಕೊಟ್ಟವರಿಗೆಲ್ಲ ರಶೀದಿ ಕೊಟ್ಟು, ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಿ. ಎರಡು, ಲಾಭ ಬಂದರೆ ಯಾರಿಗೆಷ್ಟು, ಚಿತ್ರದ ಹಕ್ಕು ಯಾರದು ಎಂಬುದನ್ನು ಗೆಳೆತನ ಚೆನ್ನಾಗಿರುವಾಗಲೇ ಬರೆದು ಸಹಿ ಹಾಕಿ. ಸಿನಿಮಾ ನಿಂತರೆ ಇನ್ನೊಂದು ತೆಗೆಯಬಹುದು, ಗೆಳೆತನ ಮುರಿದರೆ ಕಷ್ಟ. ಮೂರು, ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಕ್ಯಾಮೆರಾ ತರಬೇಡಿ. ಕೆಲಸದವರು ಚಿತ್ರೀಕರಣ ನೋಡುತ್ತ ನಿಂತರೆ ನಿಮ್ಮ ಯಜಮಾನನ ಪಾಡೇ ನಮಗೂ ಬಂದೀತು! ಕೊಯ್ಲು, ಒಣಗಿಸುವಿಕೆ ಮುಗಿದ ಮೇಲೆ ಬನ್ನಿ.

ಆಳಿನ ಅಭಾವ, ಊರು ಬಿಟ್ಟ ಮಕ್ಕಳು. ಇವು ನಮ್ಮ ಮಹಾಸಭೆಗಳಲ್ಲಿ ವರ್ಷವರ್ಷವೂ ದೂರಾಗಿಯೇ ಕೇಳಿಬರುವ ವಿಷಯಗಳು. ಅದೇ ಮಕ್ಕಳು ಅದನ್ನು ನಗೆಯಾಗಿಸಿ ನಮ್ಮ ಮುಂದೆ ಇಡಲು ಹೊರಟಿದ್ದಾರೆ. ಚಿತ್ರ ಸಿದ್ಧವಾದರೆ ಮೊದಲ ಪ್ರದರ್ಶನಕ್ಕೆ ಸಂಘದ ಗೋದಾಮನ್ನು ಬಾಡಿಗೆಯಿಲ್ಲದೆ ಕೊಡಬಹುದೆಂಬ ಸೂಚನೆಯನ್ನು ಆಡಳಿತ ಮಂಡಳಿಯ ಮುಂದೆ ಇಡುತ್ತೇವೆ. ಸದಸ್ಯರು ತಮ್ಮ ಅಭಿಪ್ರಾಯವನ್ನು ಪತ್ರ ಮುಖೇನ ತಿಳಿಸಬೇಕಾಗಿ ಕೋರಿಕೆ.

— ಕಾರ್ಯದರ್ಶಿ