ಸಹಸ್ರ ತಾಲ್‌ನ ಆ ರಾತ್ರಿ: ಹಿಮಕ್ಕಿಂತ ಗಾಳಿಯೇ ಅಪಾಯ

ಮೆಣಸಗಿಯಿಂದ ಮಾತಾಡಾಕತ್ತೀನಿ. ನಮ್ಮ ಎರೆಹೊಲದ ಸೀಮೆಯೊಳಗ ಗುಡ್ಡ ಅಂದ್ರ ಗಜೇಂದ್ರಗಡದ ಗುಡ್ಡ. ಆದರ ಈಗ ರೀಲ್ಸ್ ನೋಡಿ ಈ ಕಡೆ ಹುಡುಗರೂ ಹಿಮಾಲಯದ ಟ್ರೆಕ್ ಬುಕ್ ಮಾಡಾಕತ್ತಾರ. ಅದಕ್ಕೇ ಇವತ್ತು ಸಹಸ್ರ ತಾಲ್ ದುರಂತದ ಮಾತು.

2024ರ ಮೇ ಕೊನೆಗೆ ಕರ್ನಾಟಕ ಪರ್ವತಾರೋಹಣ ಸಂಸ್ಥೆಯ ಮೂಲಕ ಹೋದ ತಂಡ ಅದು. 19 ಚಾರಣಿಗರು, 3 ಗೈಡ್‌ಗಳು. ಜಾಗ ಉತ್ತರಾಖಂಡದ ಉತ್ತರಕಾಶಿ ಕಡೆ, 14-15 ಸಾವಿರ ಅಡಿ ಎತ್ತರ. ಜೂನ್ 3ರಂದು ಸರೋವರ ನೋಡಿ ಕ್ಯಾಂಪಿಗೆ ವಾಪಸ್ ಬರುವಾಗ ಹಿಮಗಾಳಿ ಎದ್ದಿತು. ದಾರಿ ಕಾಣಲಿಲ್ಲ. ರಾತ್ರಿಯನ್ನು ಬಯಲಲ್ಲೇ ಕಳೆಯಬೇಕಾಯಿತು. 9 ಜನ ತೀರಿಹೋದರು, 13 ಜನ ಉಳಿದರು.

"ವಯಸ್ಸಾದವರು ಯಾಕ ಹೋಗಬೇಕಿತ್ತು" ಅಂತ ಆಗ ಭಾಳ ಮಂದಿ ಬರೆದರು. ನನಗ ಆ ಮಾತು ಸರಿ ಅನ್ಸೋದಿಲ್ಲ. ಸತ್ತವರೊಳಗ 70 ದಾಟಿದವರು ಇದ್ದರು ಖರೇ, 30ರ ಆಸುಪಾಸಿನವರೂ ಇದ್ದರು.

ಆಗಿದ್ದೇನು? ಅಷ್ಟು ಎತ್ತರದೊಳಗ ಒಂದು ಉಸಿರಿಗೆ ಸಿಗೋ ಆಕ್ಸಿಜನ್ ಸಮುದ್ರಮಟ್ಟದ ಶೇ 60ರಷ್ಟು. ಮೈ ಮೊದಲೇ ದಣಿದಿರ್ತದ. ನಮ್ಮ ಚರ್ಮದ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರ ಇರ್ತದಲ್ಲ, ಬಿರುಗಾಳಿ ಅದನ್ನ ಕಿತ್ತುಕೊಂಡು ಹೋಗ್ತಾನೇ ಇರ್ತದ. ಬಟ್ಟೆ ಒದ್ದೆ ಆದ್ರಂತೂ ಮುಗೀತು. ಮೈಬಿಸಿ 37 ಡಿಗ್ರಿಯಿಂದ 35ರ ಕೆಳಗ ಇಳಿದರೆ ಹೈಪೋಥರ್ಮಿಯಾ. ಮೊದಲು ನಡುಕ, ಆಮೇಲೆ ಮಾತು ತೊದಲ್ತದ, ಬುದ್ಧಿ ಮಂಕಾಗ್ತದ. ಇನ್ನೂ ಇಳಿದರ ನಡುಕಾನೂ ನಿಲ್ತದ. ಪಕ್ಕದಲ್ಲಿದ್ದವರು "ಆರಾಮಾದ್ರು" ಅನ್ಕೋಬಹುದು. ಅದೇ ಕೆಟ್ಟ ಸೂಚನೆ.

ಇದಕ್ಕ ಹೋಲಿಸಿ ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನ ನೆನಪಿಸಿಕೊಳ್ರಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19 ಸಾವಿರ ಅಡಿಗೂ ಮೇಲೆ, ಹಿಮಕುಸಿತದಾಗ ಸಿಕ್ಕ 10 ಮಂದಿಯೊಳಗ ಅವರೊಬ್ಬರೇ ದಿನಗಟ್ಟಲೆ ಹಿಮದ ಅಡಿ ಇದ್ದೂ ಜೀವಂತ ಸಿಕ್ಕರು. ಫೆಬ್ರುವರಿ 11ಕ್ಕೆ ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿಮದ ಅಡಿ ಉಸಿರಾಡೋಕೆ ಜಾಗ ಸಿಕ್ಕರ, ಆ ಹಿಮವೇ ಗೋಡೆಯಂಗ ಗಾಳಿ ತಡೀತದ. ಸಹಸ್ರ ತಾಲ್‌ನವರಿಗೆ ಆ ಗೋಡೆ ಇರಲಿಲ್ಲ.

ಇನ್ನೊಂದು, ಮೊಬೈಲ್. ಮೇಲೆ ಸಿಗ್ನಲ್ ಇರಲಿಲ್ಲ. ಗೈಡ್ ಸಿಗ್ನಲ್ ಸಿಗೋ ತನಕ ನಡೆದುಹೋಗಿ ತಿಳಿಸಿದ ಮೇಲೆ, ಜೂನ್ 4ಕ್ಕೆ ಸುದ್ದಿ ಹೊರಗ ಬಂತು. ಹೆಲಿಕಾಪ್ಟರ್ ಏರಿದ್ದು 5ಕ್ಕೆ. ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ನಿಂತರು. ಸ್ಯಾಟಲೈಟ್ ಫೋನ್ ಒಯ್ಯಬಹುದಲ್ಲ ಅಂತೀರಿ? ನಮ್ಮ ದೇಶದಾಗ ಅದಕ್ಕ ಸರ್ಕಾರದ ಅನುಮತಿ ಬೇಕು.

ಹಂಗಾಗಿ ದುಡ್ಡು ಕಟ್ಟೋಕೆ ಮೊದಲು ಟ್ರೆಕ್‌ನವರಿಗೆ ಕೇಳ್ರಿ: ಸಿಗ್ನಲ್ ಇಲ್ಲದ ಕಡೆ ಸುದ್ದಿ ಹೆಂಗ ಕಳಸ್ತೀರಿ? ಹವಾಮಾನ ಕೆಟ್ಟರೆ ವಾಪಸ್ ಹೊರಡೋ ಟೈಮ್ ಎಷ್ಟು, ಅದನ್ನ ಹೇಳೋರು ಯಾರು?