ಅಡಿಕೆ ತೋಟದಿಂದ ಹೊರಟ ಮಾತು

ಚನ್ನಗಿರಿಯ ಅಡಿಕೆ ತೋಟದಲ್ಲಿ ನಿಂತು ಜಗಳೂರಿಗೆ ಫೋನ್ ಮಾಡುತ್ತೀರಿ. ಮಾತು ತಂತಿಯಿಲ್ಲದೆ ಹೋಗುವುದು ಎರಡು ತುದಿಗಳಲ್ಲಷ್ಟೇ: ಇಲ್ಲಿ ಟವರ್ ಮುಟ್ಟುವವರೆಗೆ, ಅಲ್ಲಿ ಟವರ್‌ನಿಂದ ಇಳಿಯುವಾಗ. ನಡುವಿನ ದಾರಿ ಬಹುಪಾಲು ನೆಲದಡಿಯ ಗಾಜಿನ ಎಳೆಯೊಳಗೆ, ಬೆಳಕಾಗಿ. ಹೊನ್ನಾಳಿಯಿಂದ ಪಕ್ಕದ ನ್ಯಾಮತಿಗೆ ಮಾಡಿದ ಕರೆಯೂ ದೂರದ ನಗರದ ಕೇಂದ್ರವೊಂದಕ್ಕೆ ಹೋಗಿ ಬರಬಹುದು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಆ ಸುತ್ತು ನಮ್ಮ ಅರಿವಿಗೇ ಬರುವುದಿಲ್ಲ.

ಮಾತನ್ನು ಅಂಕಿಗಳಾಗಿಸುವ ಬೆರಗಿನ ಕೆಲಸ ಇಂದು ನಡೆಯುವುದು ಫೋನಿನೊಳಗೆ. ಹಿಂದೆ ಅದು ಎಕ್ಸ್‌ಚೇಂಜ್‌ನಲ್ಲಿ ನಡೆಯುತ್ತಿತ್ತು. ಹಳ್ಳಿಗಳಿಗೆಂದೇ ಸಿ-ಡಾಟ್ ಸಂಸ್ಥೆ ರೂಪಿಸಿದ, ಎಸಿ ಬೇಡದ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಬಂದದ್ದು 1986ರಲ್ಲಿ, ನಮ್ಮ ಕಿತ್ತೂರಿಗೆ. ಡಿಜಿಟಲ್ ಎಕ್ಸ್‌ಚೇಂಜ್‌ಗಳಲ್ಲಿ ದನಿಯ ಏರಿಳಿತವನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು ಸೊನ್ನೆ-ಒಂದುಗಳ 8 ಅಂಕಿಗಳಲ್ಲಿ ಬರೆಯುತ್ತಿದ್ದರು. ಒಂದು ಸೆಕೆಂಡಿನ ಮಾತಿಗೆ 64,000 ಅಂಕಿ. ಇಂದಿನ ಮೊಬೈಲ್ ಕರೆಗೆ 12-13 ಸಾವಿರವೂ ಸಾಕಾಗುತ್ತದೆ. ಹೇಗೆ? ಫೋನು ಮಾತನ್ನು ಸೆಕೆಂಡಿನ ಐವತ್ತನೇ ಒಂದು ಭಾಗದ ತುಣುಕುಗಳಾಗಿ ಕತ್ತರಿಸಿ, ಆ ಕ್ಷಣಕ್ಕೆ ಗಂಟಲು ಹೇಗೆ ಕಂಪಿಸಿತು, ಬಾಯಿ ಯಾವ ಆಕಾರದಲ್ಲಿತ್ತು ಎಂಬ ವಿವರವನ್ನೇ ಹೆಚ್ಚಾಗಿ ಕಳಿಸುತ್ತದೆ. ಆ ವಿವರ ಓದಿ ಜಗಳೂರಿನ ಫೋನು ನಿಮ್ಮ ದನಿಯನ್ನು ಹೊಸದಾಗಿ ಕಟ್ಟುತ್ತದೆ.

ಹಳೆಯ ಕರೆಗಳಲ್ಲಿ ಸೆಕೆಂಡಿಗೆ 3,400 ಕಂಪನಗಳಾಚೆಯ ಸದ್ದನ್ನು ಬಿಟ್ಟೇ ಬಿಡುತ್ತಿದ್ದರು. ಸಕಾರದ ಸೀಳು ಬಹಳಷ್ಟು ಇರುವುದೇ ಅದರಾಚೆ. ಹೆಸರು, ಊರು ಹೇಳುವಾಗ ಎರಡೆರಡು ಸಲ ಕೂಗಬೇಕಾಗುತ್ತಿತ್ತು. 4ಜಿಯ ವೋಲ್ಟೆ ಕರೆ 7,000ದವರೆಗೂ ಹಿಡಿಯುವುದರಿಂದ ಮಾತು ಈಗ ತಿಳಿಯಾಗಿದೆ.

ಆದರೂ ತೋಟದೊಳಗೆ ದನಿ ಏಕೆ ಒಡೆಯುತ್ತದೆ? ಹಸಿ ಎಲೆ, ಕಾಂಡಗಳಲ್ಲಿನ ನೀರು ರೇಡಿಯೋ ಅಲೆಯನ್ನು ಹೀರುತ್ತದೆ. ಮಳೆ ನಿಂತ ಮೇಲೆ ಇನ್ನೂ ಹೆಚ್ಚು. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, 2,300ರದ್ದು 13. ಗಿಡಗಳ ನಡುವೆ ಹೆಚ್ಚು ಸೊರಗುವುದು ಚಿಕ್ಕ ಅಲೆಯೇ. ಜಗಳೂರಿನ ಬಯಲು ಹೊಲಗಳಲ್ಲಿ ಈ ತೊಡಕು ಕಡಿಮೆ. ಸಿಗ್ನಲ್ ಸೊರಗಿದಷ್ಟೂ ಫೋನು ಜೋರಾಗಿ ಪ್ರಸಾರ ಮಾಡಬೇಕು. ತೋಟದ ಕೆಲಸದ ದಿನ ಬ್ಯಾಟರಿ ಬೇಗ ಇಳಿಯಲು ಇದೂ ಕಾರಣ.

ಅದೇ ಜಾಗದಿಂದ ಅಡಿಕೆಯ ಫೋಟೋ ಕಳಿಸಿದರೆ ತಡವಾದರೂ ಪೂರ್ತಿ ತಲುಪುತ್ತದೆ. ಫೋಟೋದ ತುಣುಕು ಕಳೆದರೆ ಫೋನು ಮತ್ತೆ ಕಳಿಸುತ್ತದೆ, ಎಷ್ಟು ಹೊತ್ತಾದರೂ ಸರಿ. ಮಾತಿಗೆ ಅಷ್ಟು ಪುರುಸೊತ್ತಿಲ್ಲ. ಹೊತ್ತು ಮೀರಿದ ತುಣುಕನ್ನು ಕೇಳುವವರ ಫೋನು ಕೈಬಿಟ್ಟು, ಹಿಂದಿನದನ್ನೇ ಕೊಂಚ ಎಳೆದು ತೇಪೆ ಹಾಕುತ್ತದೆ. ಸಾಲಾಗಿ ಹಲವು ತುಣುಕು ತಪ್ಪಿದಾಗ ಕೇಳುವುದೇ ಆ ಯಂತ್ರದಂಥ ದನಿ. ಆಗ ತೋಟದ ಅಂಚಿನ ಬದುವಿಗೆ ಬಂದು ಮಾತಾಡಿ.