ದಣಿದವರಿಗೆಲ್ಲ ನಿದ್ದೆ ಬರುತ್ತದೆಯೇ?

2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಲಾಕ್‌ಡೌನಿನಿಂದ ಲೋಕಲ್ ರೈಲು ನಿಂತಾಗ ಠಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಿಂದ ಮುಂಬಯಿಯ ಆಸ್ಪತ್ರೆಗಳಿಗೆ ಹೋಗುವ ನರ್ಸ್, ವಾರ್ಡ್‌ಬಾಯ್, ಲ್ಯಾಬ್ ಸಿಬ್ಬಂದಿಗೆ ನಗರ ಸಾರಿಗೆಯ ಬೆಸ್ಟ್, ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸುಗಳೇ ಗತಿಯಾದವು. ಅಗತ್ಯ ಸೇವೆಯವರಿಗಾಗಿ ರೈಲು ಮತ್ತೆ ಓಡಿದ್ದು ಜೂನ್ 15ರಂದು. ಕಲ್ಯಾಣ್‌ನಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಸುಮಾರು 54 ಕಿ.ಮೀ. ರಸ್ತೆಯಲ್ಲಿ ಕಳೆದ ಹೊತ್ತೆಲ್ಲ ನಿದ್ದೆಯಿಂದ ಕಿತ್ತುಕೊಂಡದ್ದು. ಈ ಸಿಬ್ಬಂದಿಯ ಆತಂಕ, ನಿದ್ರಾಹೀನತೆಯ ಬಗ್ಗೆ ಇರುವ ಕೆಲವು ತಪ್ಪು ಕಲ್ಪನೆಗಳನ್ನು ಈಗಲಾದರೂ ಬಿಡಬೇಕು.

ತಪ್ಪು ಕಲ್ಪನೆ: ಆಸ್ಪತ್ರೆಯವರಿಗೆ ರೋಗ, ಸಾವು ಅಭ್ಯಾಸ, ಅವರಿಗೆಂಥ ಆತಂಕ?
ಸತ್ಯ: 2020ರ ಆರಂಭದಲ್ಲಿ ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯನ್ನು ಸಮೀಕ್ಷೆ ಮಾಡಿದಾಗ ಶೇ. 44.6 ಮಂದಿಯಲ್ಲಿ ಆತಂಕದ, ಶೇ. 34ರಷ್ಟು ಮಂದಿಯಲ್ಲಿ ನಿದ್ರಾಹೀನತೆಯ ಲಕ್ಷಣಗಳು ಕಂಡವು. ನರ್ಸ್‌ಗಳಲ್ಲಿ ತೀವ್ರತೆ ಇನ್ನೂ ಹೆಚ್ಚು. ಚಿಕ್ಕ ಮನೆಯಲ್ಲಿ ಒಟ್ಟಿಗಿರುವ ಅತ್ತೆಮಾವನಿಗೆ, ಮಕ್ಕಳಿಗೆ ತಾನೇ ಸೋಂಕು ತಂದೇನೋ ಎಂಬ ಭಯ ಎಷ್ಟು ವರ್ಷದ ಸರ್ವಿಸಿನಿಂದಲೂ ಹೋಗುವುದಿಲ್ಲ.

ತಪ್ಪು ಕಲ್ಪನೆ: ಪಿಪಿಇ ಕಿಟ್‌ನಲ್ಲಿ ಬೆವರಿ ದಣಿದವರಿಗೆ ಹಾಸಿಗೆ ಕಂಡರೆ ನಿದ್ದೆ.
ಸತ್ಯ: ಅಪಾಯವಿದೆ ಎಂದು ಮನಸ್ಸು ಎಚ್ಚರದಲ್ಲಿರುವಾಗ ಅಡ್ರಿನಲಿನ್, ಕಾರ್ಟಿಸಾಲ್ ಇಳಿಯಲು ಸಮಯ ಬೇಕು. ನೈಟ್ ಡ್ಯೂಟಿ ಮುಗಿಸಿ ಬರುವವರಿಗೆ ಬೆಳಗಿನ ಬಿಸಿಲು ಮೆಲಟೋನಿನ್ ತಗ್ಗಿಸುತ್ತದೆ. ಮೈ ಸೋತಿರುತ್ತದೆ, ಕಣ್ಣು ಮುಚ್ಚುವುದಿಲ್ಲ.

ತಪ್ಪು ಕಲ್ಪನೆ: ರಜೆಯ ದಿನ ಹತ್ತು ಗಂಟೆ ಮಲಗಿದರೆ ಎಲ್ಲ ಸರಿ.
ಸತ್ಯ: ನಿದ್ದೆಯನ್ನು ಗಂಟೆಯಿಂದ ಮಾತ್ರ ಅಳೆಯಲಾಗದು. 1989ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕ ಏಳು ಅಂಶಗಳನ್ನು ನೋಡುತ್ತದೆ: ನಿದ್ದೆ ಹತ್ತಲು ಹಿಡಿದ ಹೊತ್ತು, ನಡುವೆ ಎಚ್ಚರವಾಗುವುದು, ಮಾತ್ರೆಯ ಬಳಕೆ, ಹಗಲಿನ ಮಂಪರು ಎಲ್ಲವೂ ಅದರಲ್ಲಿ ಸೇರಿವೆ. 21ರಲ್ಲಿ 5ಕ್ಕಿಂತ ಹೆಚ್ಚು ಅಂಕ ಬಂದರೆ ನಿದ್ದೆ ಚೆನ್ನಾಗಿಲ್ಲ ಎಂದರ್ಥ.

ತಪ್ಪು ಕಲ್ಪನೆ: ಒಂದು ಪೆಗ್, ಇಲ್ಲವೇ ಒಂದು ಮಾತ್ರೆ ಸಾಕು.
ಸತ್ಯ: ಮದ್ಯ ಬೇಗ ಮಲಗಿಸುತ್ತದೆ, ನಡುರಾತ್ರಿಯ ನಂತರ ನಿದ್ದೆಯನ್ನು ಚೂರು ಚೂರು ಮಾಡುತ್ತದೆ. ತಾವಾಗಿ ತೆಗೆದುಕೊಂಡ ನಿದ್ದೆಮಾತ್ರೆ ಚಟವಾಗಬಹುದು. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಯೋಚನೆ, ಅಭ್ಯಾಸಗಳನ್ನು ತಿದ್ದುವ ಸಮಾಲೋಚನೆ; ಔಷಧಿ ವೈದ್ಯರ ಸಲಹೆಯ ಮೇಲೆ ಮಾತ್ರ.

ತಪ್ಪು ಕಲ್ಪನೆ: ಸಹಾಯ ಕೇಳುವವರು ದುರ್ಬಲರು.
ಸತ್ಯ: ಈ ಆತಂಕ, ನಿದ್ದೆಗೇಡು ಸ್ವಭಾವದ ದೋಷವಲ್ಲ, ಕೆಲಸದ ಪರಿಸ್ಥಿತಿಯ ಫಲ. ಆದ್ದರಿಂದ ಪರಿಹಾರವೂ ಒಬ್ಬರ ತಲೆಯ ಮೇಲಿನ ಹೊರೆಯಾಗಬಾರದು. ಪಾಳಿ ಬೆಳಗ್ಗೆ, ಸಂಜೆ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸರಿದರೆ ದೇಹ ಸುಲಭವಾಗಿ ಹೊಂದಿಕೊಳ್ಳುತ್ತದೆ. ಅದು ಆಸ್ಪತ್ರೆಯ ಕೈಯಲ್ಲಿದೆ. ಹಗಲು ಮಲಗುವವರ ಕೋಣೆಗೆ ದಪ್ಪ ಪರದೆ ಹಾಕಿ, ಮನೆಗೆಲಸ ಹಂಚಿಕೊಳ್ಳುವುದು ಮನೆಯವರ ಪಾಲು. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ರಲ್ಲಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು ವಾರಗಟ್ಟಲೆ ಮುಂದುವರಿದರೆ ಕಾಯಬೇಡಿ, ಸಹಾಯ ಕೇಳಿ. ರೋಗಿಗೆ ನೀವು ಹೇಳುವುದೂ ಅದನ್ನೇ ಅಲ್ಲವೇ?